ಬಾಕಿ ಸಂಬಳ ಕೇಳಿದರೆ ಅನುಭವ ಪತ್ರ ತಪ್ಪೀತೇ?

ಪ್ರಶ್ನೆ: ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಒಂದು ವಿಮಾನಯಾನ ಕಂಪನಿಯ ಚೆಕ್-ಇನ್ ಕೌಂಟರಿನಲ್ಲಿ 6 ವರ್ಷ ದುಡಿದೆ. 4 ತಿಂಗಳ ಸಂಬಳ ಬಾಕಿ. ಬೇಸತ್ತು ರಾಜೀನಾಮೆ ಕೊಟ್ಟು ಈಗ ಹಾಸನದ ತವರುಮನೆಯಲ್ಲಿದ್ದೇನೆ. ಜೊತೆಯವರೆಲ್ಲ ಸೇರಿ ಕೇಸು ಹಾಕುತ್ತಿದ್ದಾರೆ. ಮ್ಯಾನೇಜರ್ ಮಾತ್ರ 'ಬಾಕಿ ಏನೂ ಇಲ್ಲ ಅಂತ ಸಹಿ ಮಾಡಿ, 1 ತಿಂಗಳ ಸಂಬಳ, ಅನುಭವ ಪತ್ರ ಎರಡೂ ಕೊಡಿಸ್ತೀನಿ' ಅನ್ನುತ್ತಾರೆ. ಅಪ್ಪನಿಗೆ ಕೋರ್ಟೆಂದರೆ ಭಯ. ಏನು ಮಾಡಲಿ?

ಉತ್ತರ: ಸಹಿ ಮಾಡಬೇಡಿ. ಆ ಕಾಗದವೇ ನಾಳೆ ನಿಮ್ಮ ವಿರುದ್ಧದ ದೊಡ್ಡ ಸಾಕ್ಷಿಯಾಗುತ್ತದೆ. 1 ತಿಂಗಳದ್ದು ಖಾತೆಗೆ ಬಂದರೆ ಬರಲಿ, 'ಭಾಗಶಃ ಪಾವತಿ, ಉಳಿದ ಬಾಕಿಯ ಹಕ್ಕು ಕಾಯ್ದಿರಿಸಿದ್ದೇನೆ' ಎಂದು ಇಮೇಲ್ ಹಾಕಿ.

ಇದು ನೇರ ಕೋರ್ಟಿನ ವ್ಯವಹಾರವಲ್ಲ, ಮೊದಲ ಮೆಟ್ಟಿಲು ಕಾರ್ಮಿಕ ಅಧಿಕಾರಿಯದು. ಆದರೆ ಹಾಸನದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ತಿಂಗಳು ಕಳೆಯಬೇಡಿ. ವಿಮಾನಯಾನ ಕೇಂದ್ರದ ವ್ಯಾಪ್ತಿಗೆ ಬರುವುದರಿಂದ ದೂರು ಸಲ್ಲಬೇಕಾದದ್ದು ಬೆಂಗಳೂರಿನ ಕೇಂದ್ರ ಪ್ರಾದೇಶಿಕ ಕಾರ್ಮಿಕ ಆಯುಕ್ತರಿಗೆ. ಕೇಂದ್ರ ಕಾರ್ಮಿಕ ಇಲಾಖೆಯ ಸಮಾಧಾನ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಕೀಲರು ಬೇಕೆನಿಸಿದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ ಆದಾಯ ನೋಡದೆ ಉಚಿತ ನೆರವು, ಸಹಾಯವಾಣಿ 15100.

ನಿಮ್ಮ ಗೆಳೆಯರು 'ಕ್ಲಾಸ್ ಆಕ್ಷನ್' (ಎಲ್ಲರ ಪರವಾಗಿ ಒಂದೇ ಸಾಮೂಹಿಕ ದಾವೆ) ಅನ್ನುತ್ತಿರಬಹುದು. ಕಂಪನಿ ಕಾಯ್ದೆಯ 245ನೇ ಕಲಮಿನ ಆ ದಾರಿ ಷೇರುದಾರರಿಗೆ, ಠೇವಣಿದಾರರಿಗೆ ಮಾತ್ರ. ನಿಮಗಿರುವುದು 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ. ಒಂದೇ ಸಂಸ್ಥೆಯ ಎಷ್ಟು ಜನ ಬೇಕಾದರೂ ಒಂದೇ ಅರ್ಜಿ ಹಾಕಬಹುದು, ಅವಧಿ 3 ವರ್ಷ. ರಾಜೀನಾಮೆ ಕೊಟ್ಟವರ ಲೆಕ್ಕವನ್ನೂ 2 ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕೆನ್ನುತ್ತದೆ ಅದು. ಹಳೆಯ ಕಾಯ್ದೆಯಲ್ಲಿ ಅರ್ಜಿಯ ಅವಧಿ 12 ತಿಂಗಳಿತ್ತು. ಸಂಹಿತೆ ಜಾರಿಗೆ ಬರುವ ಮುಂಚಿನ ಬಾಕಿಯಿದ್ದವರು ತಡಮಾಡದಿರುವುದೇ ಲೇಸು.

ಗುಂಪಿಗೆ ಸೇರಿ, ಆದರೆ ನಿಮ್ಮ ಲೆಕ್ಕ ನಿಮ್ಮದೇ ಇರಲಿ. ಜಂಟಿ ಅರ್ಜಿಗಳು ಮುಗ್ಗರಿಸುವುದು ಇಲ್ಲೇ: 40 ಜನರ ಬಾಕಿಯನ್ನು ಒಂದೇ ಮೊತ್ತವಾಗಿ ಬರೆದಿರುತ್ತಾರೆ. ಪ್ರತಿಯೊಬ್ಬರಿಗೂ ತಿಂಗಳು, ಒಟ್ಟು ಸಂಬಳ, ಕಡಿತ, ಕೈಗೆ ಬಂದದ್ದು, ಬಾಕಿ ಎಂಬ ಪಟ್ಟಿ ಬೇಕು. ನೇಮಕಾತಿ ಪತ್ರದಲ್ಲಿ ಯಾರ ಹೆಸರಿದೆ ಎಂದೂ ನೋಡಿ. ಗ್ರೌಂಡ್ ಹ್ಯಾಂಡ್ಲಿಂಗ್ (ನಿಲ್ದಾಣದ ನೆಲಮಟ್ಟದ ಕೆಲಸಗಳ) ಗುತ್ತಿಗೆದಾರನ ಹೆಸರಿದ್ದರೆ ಮೊದಲ ಎದುರುದಾರ ಅವನು.

ಅನುಭವ ಪತ್ರದ ಬೆದರಿಕೆಗೆ ಅಷ್ಟು ಬೆಲೆ ಕೊಡಬೇಡಿ. ಪಿಎಫ್ ಸೇವಾ ದಾಖಲೆ, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿದರೆ 6 ವರ್ಷದ ಕೆಲಸಕ್ಕೆ ಪುರಾವೆ ಸಿಕ್ಕಿತು. ವಿಮಾನ ನಿಲ್ದಾಣದ ಪ್ರವೇಶ ಪಾಸ್ ಮಾತ್ರ ಒಪ್ಪಿಸಿ ರಸೀದಿ ಪಡೆಯಿರಿ. 'ಪಾಸ್ ಬಂದಿಲ್ಲ' ಎಂಬ ನೆಪದಲ್ಲೇ ಎಷ್ಟೋ ಲೆಕ್ಕಗಳು ನಿಂತಿರುತ್ತವೆ. 5 ವರ್ಷ ದಾಟಿರುವುದರಿಂದ ಗ್ರಾಚ್ಯುಟಿಯೂ ಬರಬೇಕು: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ 6ರಿಂದಲೂ ಗುಣಿಸಿ.

ಇನ್ನೊಂದು ಕಣ್ಣು ಕಂಪನಿಗಳ ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿ ಮೇಲಿರಲಿ. ಗೋ ಫಸ್ಟ್ ವಿಮಾನಯಾನ ಕಂಪನಿ 2023ರ ಮೇನಲ್ಲಿ ದಿವಾಳಿ ಅರ್ಜಿ ಹಾಕಿತು, 2025ರ ಜನವರಿಯಲ್ಲಿ ಅದರ ಸಮಾಪನಕ್ಕೆ (ಆಸ್ತಿ ಮಾರಿ ಕಂಪನಿ ಮುಚ್ಚುವುದಕ್ಕೆ) ಆದೇಶವಾಯಿತು. ದಿವಾಳಿ ಪ್ರಕ್ರಿಯೆ ಶುರುವಾದರೆ ಕಂಪನಿ ಮೇಲಿನ ಕೇಸುಗಳೆಲ್ಲ ತಡೆಯಾಗುತ್ತವೆ. ಆಗ ಪ್ರಕಟಣೆಯಲ್ಲಿ ಹೇಳಿದ ದಿನಾಂಕದೊಳಗೆ ನೌಕರರು ಬಾಕಿ ಕೇಳುವ ನಮೂನೆ 'ಡಿ' ತುಂಬಿ ಕಳಿಸಬೇಕು. ಸಮಾಪನವಾದರೆ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಅಡಮಾನ ಪಡೆದು ಸಾಲ ಕೊಟ್ಟವರ ಸಮಾನ ಸ್ಥಾನವಿದೆ, ಉಳಿದ ನೌಕರರಿಗೆ 12 ತಿಂಗಳದ್ದು, ಅದೂ ಅವರ ನಂತರ. ಪತ್ರದಲ್ಲಿ ನಿಮ್ಮನ್ನು 'ಎಕ್ಸಿಕ್ಯುಟಿವ್' ಎಂದು ಕರೆದಿದ್ದರೂ, ನೀವು ಕಾರ್ಮಿಕರೋ ಅಲ್ಲವೋ ಎಂಬುದಕ್ಕೆ ನೋಡುವುದು ಮಾಡಿದ ಕೆಲಸವನ್ನು. ಡ್ಯೂಟಿ ರೋಸ್ಟರ್‌ಗಳನ್ನು ಈಗಲೇ ಜೋಪಾನ ಮಾಡಿ.