ಹಿಪ್ ಹಾಪ್ ವಿಡಿಯೊ ಒಂದನ್ನು ಮಾಧ್ಯಮ ಸಿದ್ಧಾಂತದಿಂದ ವಿಶ್ಲೇಷಿಸುವುದು ಹೇಗೆ?

ಬಳ್ಳಾರಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೀರಿ, ಅಸೈನ್‌ಮೆಂಟಿಗೆ ಅಮೆರಿಕದ ಕಪ್ಪು ಗಾಯಕ ಚೈಲ್ಡಿಶ್ ಗ್ಯಾಂಬಿನೊ ಅವರ 2018ರ ‘ದಿಸ್ ಈಸ್ ಅಮೆರಿಕ’ ವಿಡಿಯೊ ಆರಿಸಿದ್ದೀರಿ, ಯಾವ ಸಿದ್ಧಾಂತ ಹೊಂದುತ್ತದೆ ಎಂದು ಕೇಳಿದ್ದೀರಿ. ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ ಒಬ್ಬರೇ ಸಾಕು. ಸುಮ್ನೆ ನಾಲ್ಕೈದು ಹೆಸರು ತುರುಕಬೇಡಿ.

ಮೊದಲು ಸದ್ದು ನಿಲ್ಲಿಸಿ ನೋಡಿ. ಗುಂಡು ಹಾರಿದ ಮೇಲೆ ಬಂದೂಕನ್ನು ಕೆಂಪು ಬಟ್ಟೆಯಲ್ಲಿ ಜೋಪಾನವಾಗಿ ತೆಗೆದುಕೊಳ್ಳುತ್ತಾರೆ. ಹೆಣವನ್ನು ಮಾತ್ರ ದರದರ ಎಳೆದೊಯ್ಯುತ್ತಾರೆ. ಮುಂದೆ ಯೂನಿಫಾರ್ಮ್ ಹಾಕಿದ ಮಕ್ಕಳ ಕುಣಿತ, ಹಿಂದೆ ಗಲಭೆ. ನಮ್ಮ ಕಣ್ಣು ಕುಣಿತದ ಮೇಲೇ ನಿಲ್ಲುತ್ತದೆ, ಅಲ್ವಾ? ನಿರ್ದೇಶಕ ಹಿರೋ ಮುರೈ ತಮ್ಮ ಅರ್ಥ ಇಟ್ಟಿರುವುದು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ.

ಟಿವಿ ಕುರಿತು 1973ರಲ್ಲಿ ಬರೆದ ಹಾಲ್ ಹೇಳುವುದಿಷ್ಟು: ಮಾಡಿದವರು ಇಟ್ಟ ಅರ್ಥವನ್ನೇ ನೋಡುವವರು ತೆಗೆಯಬೇಕೆಂದಿಲ್ಲ. ಪೂರ್ತಿ ಒಪ್ಪಬಹುದು, ಅರ್ಧ ಒಪ್ಪಬಹುದು, ಅದಕ್ಕೆ ವಿರುದ್ಧವಾಗಿಯೂ ಓದಬಹುದು.

ನಿಮ್ಮ ಹಾಸ್ಟೆಲಿನಲ್ಲೇ ಇದನ್ನು ಪರೀಕ್ಷಿಸಿ. ಸಂಡೂರಿನ ಗಣಿ ಊರುಗಳಿಂದ ಬಂದವರಿಗೂ ಬಳ್ಳಾರಿ ಸಿಟಿಯಲ್ಲಿ ಬೆಳೆದವರಿಗೂ ವಿಡಿಯೊ ತೋರಿಸಿ, ಕಂಡದ್ದನ್ನು ಬರೆಸಿಕೊಳ್ಳಿ. ಅಮೆರಿಕದ ಕಪ್ಪು ಜನರ ಇತಿಹಾಸ ಗೊತ್ತಿಲ್ಲದ ಗೆಳೆಯ ಇದು ಬರೀ ಡಾನ್ಸ್ ವಿಡಿಯೊ ಅಂದರೆ ತಪ್ಪು ಅನ್ನಬೇಡಿ. ಅವನಿಗೆ ಹಾಗೆ ಯಾಕೆ ಕಂಡಿತು ಎಂಬುದಕ್ಕೇ ಜಾಸ್ತಿ ಪುಟ ಕೊಡಿ.