ತೋಟಾದ ಕುತ್ತಿಗೆ, ಕೊಡಪಾನದ ಕುತ್ತಿಗೆ

ಪ್ರಶ್ನೆ: ನನ್ನ ಭಾವ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾರೆ. ರೈಫಲ್‌ನಲ್ಲಿ ಗುರಿ ಹೊಡೆಯುವ ಹವ್ಯಾಸ. ಹೊಡೆದ ತೋಟಾದ ಹಿತ್ತಾಳೆ ಕೇಸು ಎಸೆಯದೆ ಮತ್ತೆ ಮದ್ದು, ಗುಂಡು ತುಂಬಿ ಬಳಸುತ್ತಾರೆ. ಏಳೆಂಟು ಸಲ ಆದ ಮೇಲೆ ಕೇಸಿನ ಕುತ್ತಿಗೆ (ಗುಂಡು ಕೂರುವ ಕಿರಿದಾದ ತುದಿ) ಉದ್ದಕ್ಕೆ ಬಿರಿಯುತ್ತದಂತೆ. ಕಂಪೆನಿಯ ಮಾಲೇ ಕಳಪೆ ಅನ್ನುತ್ತಾರೆ. ಹೌದಾ ಸರ್?
– ಓದುಗರು, ಹೆಬ್ರಿ

ಉತ್ತರ: ಏಳೆಂಟು ಸಲ ತಡೆದುಕೊಂಡ ಕೇಸನ್ನು ಕಳಪೆ ಅನ್ನಬಾರದು. ನಿಮ್ಮ ಭಾವನವರಿಗೆ ಸ್ವಲ್ಪ ತಾಳ್ಮೆ ಇರಲಿ.

ಈ ಕೇಸುಗಳ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಬಹಳ ಬಗ್ಗುವ ಲೋಹ. ಆದರೆ ತಣ್ಣಗಿರುವಾಗ ಬಗ್ಗಿಸಿದಷ್ಟೂ ಗಡುಸಾಗುತ್ತದೆ. ಲೋಹದೊಳಗಿನ ಹರಳುಗಳಲ್ಲಿ ಪದರಗಳು ಜಾರುವುದರಿಂದಲೇ ಅದು ಬಗ್ಗುವುದು. ಜಾರಿ ಜಾರಿ ಒಂದಕ್ಕೊಂದು ತೊಡರಿಕೊಂಡರೆ ಮುಂದೆ ಜಾರಲು ದಾರಿ ಇರುವುದಿಲ್ಲ. ಆಗ ಬಿರಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಕಥೆ.

ಕುತ್ತಿಗೆಯ ಪಾಡು ನೋಡಿ. ಗುಂಡು ಹಾರುವಾಗ ಒತ್ತಡಕ್ಕೆ ಉಬ್ಬಿ ಚೇಂಬರಿನ, ಅಂದರೆ ಬಂದೂಕಿನಲ್ಲಿ ತೋಟಾ ಕೂರುವ ಜಾಗದ, ಗೋಡೆಗೆ ತಾಗುತ್ತದೆ. ಆಮೇಲೆ ಭಾವ ಅದನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಕಿರಿದು ಮಾಡುತ್ತಾರೆ. ಹೊರಗೆಳೆಯುವಾಗ ಡೈಯ ನಡುವಿನ ಉಕ್ಕಿನ ಉಂಡೆ ಮತ್ತೆ ಹಿಗ್ಗಿಸುತ್ತದೆ. ಹೊಸ ಗುಂಡು ಕೂರಿಸುವಾಗ ಇನ್ನೊಂದಿಷ್ಟು. ಚೇಂಬರ್ ಸಡಿಲ, ಡೈ ಬಿಗಿ ಇದ್ದರಂತೂ ಆಯುಸ್ಸು ಇನ್ನೂ ಕಡಿಮೆ. ಗುಂಡು ಕೂರಿಸಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ತೋಟಾ ಸುಮ್ನೆ ಬಿರಿಯುವುದೂ ಉಂಟು, ಏಕೆಂದರೆ ಒಳಗಿನ ಗುಂಡು ಕುತ್ತಿಗೆಯನ್ನು ಯಾವಾಗಲೂ ಹಿಗ್ಗಿಸಿಕೊಂಡೇ ಇರುತ್ತದೆ.

ಇದಕ್ಕೆ ಪರಿಹಾರ ಹಳೆಯದೇ. ಪಾತ್ರೆ ತಟ್ಟುವವರು ನಡುನಡುವೆ ಒಲೆಗೆ ಹಿಡಿದು ಕಾಯಿಸುವುದು ಇದಕ್ಕೇ. ಬಿಸಿಗೆ ಹೊಸ ಹರಳುಗಳು ಹುಟ್ಟಿ ಲೋಹ ಮೆದುವಾಗುತ್ತದೆ. ಕಾರ್ಖಾನೆಯಲ್ಲೂ ಕೊನೆಗೆ ಕುತ್ತಿಗೆ ಕಾಯಿಸುತ್ತಾರೆ. ಸೈನ್ಯದ ತೋಟಾಗಳ ಕುತ್ತಿಗೆಯಲ್ಲಿ ನೀಲಿ ಛಾಯೆ ಕಾಣುತ್ತದಲ್ಲ, ಅದು ಆ ಕಾಯಿಸಿದ ಗುರುತು. ಮಾರುಕಟ್ಟೆಯ ಹೆಚ್ಚಿನ ಮಾಲಿನಲ್ಲಿ ಅದನ್ನು ಉಜ್ಜಿ ಹೊಳಪು ಕೊಟ್ಟಿರುತ್ತಾರೆ.

ಒಂದು ಎಚ್ಚರಿಕೆ. ಬುಡಕ್ಕೆ ಬಿಸಿ ಹೋಗಲೇಬಾರದು. ಪೂರ್ತಿ ಒತ್ತಡ ಹೊರುವುದು ಬುಡ, ಅದು ಗಡುಸಾಗಿಯೇ ಇರಬೇಕು. ಮೆದುವಾದರೆ ಬಂದೂಕೂ ಹೋಯಿತು, ಮುಖವೂ ಹೋಯಿತು. ಕಾಯಿಸಿದ ಮೇಲೆ ಕೆಲವರು ನೀರಿಗೆ ಹಾಕುವುದು ಬಿಸಿ ಬುಡದತ್ತ ಇಳಿಯದಿರಲಿ ಅಂತ ಅಷ್ಟೇ. ಉಕ್ಕು ಕಾಯಿಸಿ ಅದ್ದಿದರೆ ಗಡುಸಾಗುತ್ತದೆ ಎಂದು ವರ್ಕ್‌ಶಾಪಿನಲ್ಲಿ ಹುಡುಗರಿಗೆ ಪಾಠ ಹೇಳಿದವನು ನಾನು. ಹಿತ್ತಾಳೆಗೆ ಆ ಪಾಠ ನಡೆಯುವುದಿಲ್ಲ. ಬಿರಿದ ಕೇಸನ್ನು ಕಾಯಿಸಿ ಪ್ರಯೋಜನವಿಲ್ಲ, ಗುಜರಿಗೆ ಹಾಕಲಿ. ಬುಡದ ಹತ್ತಿರ ಸುತ್ತಲೂ ಗೆರೆ ಕಂಡರೆ ಅದು ಬೇರೆ ಕಾಯಿಲೆ, ಇದಕ್ಕಿಂತ ಅಪಾಯದ್ದು.

ನೀವು ಇಲ್ಲಿ ಪ್ರಯೋಗಕ್ಕೆ ಇಳಿಯಬೇಡಿ ಮಾರಾಯರೆ! ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತೇವಲ್ಲ, ಹಂದಿ ಓಡಿಸುವ ಆ ಕೋವಿಯ ತೋಟಾಕ್ಕೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಮೈ, ಬುಡಕ್ಕೆ ಮಾತ್ರ ಲೋಹ. ಈ ಕುತ್ತಿಗೆಯ ತಾಪತ್ರಯ ಅದಕ್ಕಿಲ್ಲ.

ಪ್ರಶ್ನೆ: ಅತ್ತೆಯ ಕಾಲದ ಹಿತ್ತಾಳೆ ಕೊಡಪಾನ ಹಟ್ಟಿಯ (ದನದ ಕೊಟ್ಟಿಗೆಯ) ಅಟ್ಟದಲ್ಲಿತ್ತು. ಮಳೆಗಾಲ ಮುಗಿದು ಇಳಿಸಿದರೆ ಕುತ್ತಿಗೆಯಲ್ಲಿ ಬಿರುಕು. ಯಾರೂ ಬೀಳಿಸಿಲ್ಲ. ಹೇಗಾಯಿತು?
– ಓದುಗರು, ಬ್ರಹ್ಮಾವರ

ಉತ್ತರ: ಅಮ್ಮಾ, ನಿಮ್ಮ ಮನೆಯ ಮಕ್ಕಳನ್ನು ಬೈಯಬೇಡಿ. ನನಗೆ ಸಂಶಯ ಹಸುಗಳ ಮೇಲೆ. ಗಂಜಲದಿಂದ ಅಮೋನಿಯಾ ಏಳುತ್ತದೆ. ಅದರ ಜೊತೆ ಮಳೆಗಾಲದ ತೇವ, ಮೇಲೆ ತಟ್ಟಿದ ಲೋಹದೊಳಗೆ ಉಳಿದ ಬಿಗಿತ. ಈ ಮೂರೂ ಕೂಡಿದರೆ ಹಿತ್ತಾಳೆ ತಾನಾಗಿಯೇ ಬಿರಿಯುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಈ ರೀತಿ ಬಿರಿಯುವುದಿಲ್ಲ.

ಬ್ರಿಟಿಷರ ಸೈನ್ಯಕ್ಕೂ ಭಾರತದಲ್ಲಿ ಇದೇ ಕಾಟ. ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟ ತೋಟಾಗಳು ಹೊಡೆಯುವ ಮೊದಲೇ ಬಿರಿಯುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾವೇ ಕಾರಣ ಎಂದು 1921ರಲ್ಲಷ್ಟೇ ಸರಿಯಾಗಿ ವಿವರಿಸಿದರು. (ಹೆಬ್ರಿಯವರು ಇದನ್ನೂ ಓದಲಿ. ಕೇಸು ಹೊಳೆಸಲು ಭಾವ ಅಮೋನಿಯಾ ಇರುವ ಪಾಲಿಶ್ ಬಳಸುತ್ತಿದ್ದರೆ ಇಂದೇ ಬಿಡಲಿ.)

ಕೊಡಪಾನಕ್ಕೆ ಬೆಸುಗೆ ಹಾಕಿಸಬಹುದು. ಆದರೆ ಬಿಗಿತ ಉಳಿದ ಇನ್ನೊಂದು ಕಡೆ ಮತ್ತೆ ಬಿರಿದರೆ ಬೆಸುಗೆಯವರ ಮೇಲೆ ಹೋಗಬೇಡಿ. ಉಳಿದ ಹಿತ್ತಾಳೆ ಪಾತ್ರೆಗಳನ್ನು ಹಟ್ಟಿಯಿಂದ ಮನೆಯೊಳಗೆ ತನ್ನಿ. ಎರಕದ ಕಾಲುದೀಪಗಳಿಗೆ ಈ ಭಯ ಕಡಿಮೆ. ಹುಣಸೆಹುಳಿಯಲ್ಲಿ ತಿಕ್ಕುವುದಕ್ಕೆ ನನ್ನ ಅಡ್ಡಿಯಿಲ್ಲ. ಇಡೀ ರಾತ್ರಿ ನೆನೆಹಾಕಬೇಡಿ, ಸತು ಬಿಟ್ಟುಕೊಂಡು ಪಾತ್ರೆ ಕೆಂಪಗಾಗುತ್ತದೆ.