ಒಂದೇ ಸಲ ಹಲವು ಪಾತ್ರಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಎರಡು, ಮೂರು, ಐದು ಪಾತ್ರಗಳನ್ನು ಜೊತೆಜೊತೆಯಾಗಿ ಬೆಳೆಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ಗೆ ಸೇರಿದವು. ಬೇರೆ ಗೇಮ್ ಹೆಸರು ಹೇಳದ ಕಡೆ ಲೆಕ್ಕವೂ ಅದರದೇ.

ಪ್ರಶ್ನೆ: ಐದು ಅಕೌಂಟ್ ತೆರೆದು ಐದು ಪಾತ್ರಗಳನ್ನು ಒಂದೇ ಪಾರ್ಟಿಯಲ್ಲಿ ಆಡಿಸಿದರೆ ಎಲ್ಲವೂ ಬೇಗ ಲೆವೆಲ್ ಏರುತ್ತವೆಯೇ?

ಉತ್ತರ: ಒಂದೊಂದು ಪಾತ್ರವನ್ನೇ ನೋಡಿದರೆ ನಿಧಾನವಾಗುತ್ತದೆ, ಐದರ ಒಟ್ಟು ಮೊತ್ತ ನೋಡಿದರೆ ಲಾಭವಿದೆ. 20ನೇ ಲೆವೆಲ್‌ನ ಪಾತ್ರ ಅದೇ ಲೆವೆಲ್‌ನ ಸಾಮಾನ್ಯ ಶತ್ರುವನ್ನು ಒಂಟಿಯಾಗಿ ಕೊಂದರೆ 145 ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಸಿಗುತ್ತದೆ. ಪಾರ್ಟಿಯಲ್ಲಿ ಈ ಮೊತ್ತ ಹಂಚಿಹೋಗುತ್ತದೆ, ಆದರೆ ಹಂಚುವ ಮೊದಲು ಸ್ವಲ್ಪ ಬೋನಸ್ ಸೇರುತ್ತದೆ: ಇಬ್ಬರಿಗೆ ಏನೂ ಇಲ್ಲ, ಮೂವರಿಗೆ 1.166 ಪಟ್ಟು, ನಾಲ್ವರಿಗೆ 1.3, ಐವರಿಗೆ 1.4. ಹಾಗಾಗಿ ಎಲ್ಲರೂ ಒಂದೇ ಲೆವೆಲ್‌ನಲ್ಲಿದ್ದರೆ ಮೂವರ ಪಾರ್ಟಿಯಲ್ಲಿ ತಲಾ 56, ಐವರ ಪಾರ್ಟಿಯಲ್ಲಿ ತಲಾ 40ರ ಆಸುಪಾಸು ಬರುತ್ತದೆ.

ಈಗ ಇದನ್ನು ತಿರುಗಿಸಿ ನೋಡಿ. ಒಂಟಿಯಾಗಿ ಆಡುವಾಗಿನ ವೇಗವನ್ನೇ ಪ್ರತಿ ಪಾತ್ರಕ್ಕೂ ಉಳಿಸಿಕೊಳ್ಳಬೇಕಾದರೆ ಇಬ್ಬರಿದ್ದಾಗ ಎರಡು ಪಟ್ಟು, ಮೂವರಿದ್ದಾಗ ಸುಮಾರು 2.6 ಪಟ್ಟು, ಐವರಿದ್ದಾಗ ಸುಮಾರು 3.6 ಪಟ್ಟು ಬೇಗ ಶತ್ರುಗಳನ್ನು ಮುಗಿಸಬೇಕು. ಐದು ಪಾತ್ರಗಳ ಐದು ಗೇಮ್ ಕಿಟಕಿಗಳನ್ನು ಎರಡೇ ಕೈಯಲ್ಲಿ ನಡೆಸುವವರಿಗೆ ಬಯಲಿನಲ್ಲಿ, ಅಂದರೆ ಗೇಮ್‌ನ ತೆರೆದ ಲೋಕದಲ್ಲಿ, ಆ ವೇಗ ಸಿಗುವುದು ಬಹಳ ಕಷ್ಟ. ಶತ್ರುವನ್ನು ಹುಡುಕಿಕೊಂಡು ನಡೆಯುವುದರಲ್ಲೇ ಹೊತ್ತು ಹೋಗುತ್ತದೆ. ಡಂಜನ್‌ನಲ್ಲಿ, ಅಂದರೆ ಒಂದು ಪಾರ್ಟಿಗೆಂದೇ ತೆರೆದುಕೊಳ್ಳುವ ಮುಚ್ಚಿದ ತಾಣದಲ್ಲಿ, ಲೆಕ್ಕ ಬದಲಾಗುತ್ತದೆ. ಅಲ್ಲಿನ ಎಲೀಟ್, ಅಂದರೆ ಹೆಚ್ಚು ಬಲದ, ಶತ್ರುಗಳಿಗೆ ದುಪ್ಪಟ್ಟು ಎಕ್ಸ್‌ಪಿ ಇದೆ, ಸಾಲುಸಾಲಾಗಿ ನಿಂತಿರುತ್ತವೆ, ಒಂಟಿಯಾಗಿ ಮುಟ್ಟಲೂ ಆಗದವು. ಐದು ಪಾತ್ರಗಳ ಆಸೆ ಇರುವವರು ಬಯಲನ್ನು ಆದಷ್ಟು ಬೇಗ ಬಿಟ್ಟು ಡಂಜನ್‌ಗಳಲ್ಲೇ ಲೆವೆಲ್ ಏರಿಸಬೇಕು. ಬಯಲಿನಲ್ಲಿ ಕ್ವೆಸ್ಟ್ (ಗೇಮ್ ಕೊಡುವ ಕೆಲಸ) ಮಾಡುತ್ತಾ ಹೋಗುವವರಿಗೆ ಎರಡು ಅಥವಾ ಮೂರು ಪಾತ್ರ ಸಾಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಹೀಗೆ ಆಡಿದರೆ ಅಕೌಂಟ್ ಬ್ಯಾನ್ ಆಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಹಲವು ಅಕೌಂಟ್ ಇಟ್ಟುಕೊಳ್ಳುವುದು ಬೇರೆ, ಒಂದೇ ಕೀಯಿಂದ ಎಲ್ಲವನ್ನೂ ಕುಣಿಸುವುದು ಬೇರೆ. ಗೇಮ್ ತಯಾರಿಸುವ ಬ್ಲಿಝಾರ್ಡ್ ಮೊದಲನೆಯದಕ್ಕೆ ಅಡ್ಡಿಪಡಿಸುವುದಿಲ್ಲ. ಒಂದು ಬ್ಯಾಟಲ್‌ನೆಟ್ ಖಾತೆಯಡಿ ಎಂಟು ವಾರ್‌ಕ್ರಾಫ್ಟ್ ಅಕೌಂಟ್‌ಗಳವರೆಗೆ ಇಟ್ಟುಕೊಳ್ಳಬಹುದು. ಪ್ರತಿಯೊಂದಕ್ಕೂ ಬೇರೆಯೇ ಚಂದಾ ಕಟ್ಟಬೇಕು. ಆದರೆ ಒಂದು ಕೀ ಒತ್ತಿದರೆ ಎಲ್ಲ ಕಿಟಕಿಗಳಿಗೂ ಅದನ್ನು ಕಳಿಸುವ ಇನ್‌ಪುಟ್ ಬ್ರಾಡ್‌ಕಾಸ್ಟಿಂಗ್ ಸಾಫ್ಟ್‌ವೇರ್ ಬಳಸಿದರೆ ಕ್ರಮ ಕೈಗೊಳ್ಳುವುದಾಗಿ 2020ರ ನವೆಂಬರ್‌ನಲ್ಲಿ ಕಂಪನಿ ಘೋಷಿಸಿತು. ಅದಕ್ಕೂ ಹಿಂದಿನ ಕಾಲದ ಮಾರ್ಗದರ್ಶಿಗಳು ಇನ್ನೂ ಓಡಾಡುತ್ತಿವೆ. ಅವುಗಳಲ್ಲಿ ಹೇಳಿರುವ ಬ್ರಾಡ್‌ಕಾಸ್ಟ್ ವ್ಯವಸ್ಥೆಯನ್ನು ಹಾಗೆಯೇ ಹಾಕಿಕೊಂಡು ಅಕೌಂಟ್ ಕಳೆದುಕೊಳ್ಳಬೇಡಿ.

ಈವ್ ಆನ್‌ಲೈನ್‌ನಲ್ಲಿ ಇದೇ ನಿಷೇಧ 2015ರ ಜನವರಿ 1ರಿಂದಲೇ ಇದೆ. ಗಿಲ್ಡ್ ವಾರ್ಸ್ 2ರಲ್ಲಿ ಒಂದು ಕೀ ಒತ್ತಿದರೆ ಗೇಮ್‌ನಲ್ಲಿ ಒಂದೇ ಕ್ರಿಯೆ ನಡೆಯಬೇಕು. ಎವರ್‌ಕ್ವೆಸ್ಟ್‌ನ ಟ್ರೂಬಾಕ್ಸ್ ಸರ್ವರ್‌ಗಳಲ್ಲಿ ಒಂದು ಕಂಪ್ಯೂಟರ್‌ನಲ್ಲಿ ಒಂದೇ ಗೇಮ್ ಕಿಟಕಿ ತೆರೆಯಬಹುದು. ಗೇಮ್ ಯಾವುದೇ ಇರಲಿ, ಒಂದು ಕೀ, ಒಂದು ಪಾತ್ರ, ಒಂದು ಕ್ರಿಯೆ ಎಂದು ಕೈ ಪಳಗಿಸಿಕೊಂಡರೆ ತೊಂದರೆ ಬಹುಮಟ್ಟಿಗೆ ದೂರ. ಹಾಗಿದ್ದರೂ ಹಣ ಕಟ್ಟುವ ಮೊದಲು ಆಯಾ ಗೇಮ್‌ನ ಈಗಿನ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ಪ್ರಶ್ನೆ: ಬ್ರಾಡ್‌ಕಾಸ್ಟಿಂಗ್ ಇಲ್ಲದೆ ಮೂರು ಪಾತ್ರ ನಡೆಸುವುದು ಹೇಗೆ? ನನ್ನ ಹಿಂಬಾಲಕರು ಅರ್ಧ ಹೊತ್ತು ಎಲ್ಲೋ ಸಿಕ್ಕಿಬಿದ್ದಿರುತ್ತಾರೆ, ಉಳಿದರ್ಧ ಹೊತ್ತು ಶತ್ರುವಿಗೆ ಬೆನ್ನು ಹಾಕಿ ನಿಂತಿರುತ್ತಾರೆ.

ಉತ್ತರ: ಪಾತ್ರಗಳ ಆಯ್ಕೆಯಿಂದಲೇ ಶುರು ಮಾಡೋಣ, ಅರ್ಧ ಸಮಸ್ಯೆ ಅಲ್ಲೇ ಇರುತ್ತದೆ. ಮುಂದಾಳು, ಅಂದರೆ ನೀವು ನೇರವಾಗಿ ನಡೆಸುವ, ಉಳಿದವರು ಹಿಂಬಾಲಿಸುವ ಪಾತ್ರ, ಏಟು ತಡೆದುಕೊಳ್ಳುವವನಾಗಿರಲಿ: ಪಲಾಡಿನ್, ವಾರಿಯರ್, ಕರಡಿ ರೂಪದ ಡ್ರೂಯಿಡ್. ಹಿಂಬಾಲಕರು ದೂರದಿಂದ ಹೊಡೆಯುವವರೇ ಆಗಿರಲಿ. ಕತ್ತಿ ಹಿಡಿದ ಹಿಂಬಾಲಕನನ್ನು ಪ್ರತಿ ಶತ್ರುವಿನ ಹತ್ತಿರಕ್ಕೂ ನೀವೇ ನಡೆಸಿಕೊಂಡು ಹೋಗಬೇಕಾಗುತ್ತದೆ, ಅಷ್ಟು ಬಿಡುವು ನಿಮಗಿರುವುದಿಲ್ಲ. ಒಂದೆರಡು ಕೀಗಳಲ್ಲಿ ಹೆಚ್ಚು ಕೆಲಸ ಮುಗಿಯುವ ಕ್ಲಾಸ್‌ಗಳನ್ನು (ಪಾತ್ರದ ಬಗೆಗಳನ್ನು) ಹುಡುಕಿ. ವಾರ್ಲಾಕ್ ಮತ್ತು ಹಂಟರ್‌ಗಳ ಸಾಕುಪ್ರಾಣಿ ಒಮ್ಮೆ ಛೂ ಬಿಟ್ಟರೆ ತಾನೇ ಹೊಡೆಯುತ್ತಿರುತ್ತದೆ. ವಾರ್ಲಾಕ್‌ನ ಕರಪ್ಷನ್, ಡ್ರೂಯಿಡ್‌ನ ರಿಜುವಿನೇಷನ್ ಥರದ ಮಂತ್ರಗಳು ಒಮ್ಮೆ ಹಾಕಿದರೆ ಕೆಲವು ಸೆಕೆಂಡ್ ತಾವಾಗಿಯೇ ಕೆಲಸ ಮಾಡುತ್ತವೆ, ಆ ಹೊತ್ತಿನಲ್ಲಿ ನೀವು ಬೇರೆ ಕಿಟಕಿಯಲ್ಲಿರಬಹುದು. ಪ್ರತಿ ಎರಡು ಸೆಕೆಂಡಿಗೊಮ್ಮೆ ಕೀ ಬೇಡುವ ರೋಗ್ ಥರದ ಕ್ಲಾಸ್ ಹಿಂಬಾಲಕನ ಜಾಗಕ್ಕೆ ಹೊಂದುವುದಿಲ್ಲ.

ಆಮೇಲೆ ಮ್ಯಾಕ್ರೋ, ಅಂದರೆ ಒಂದು ಕೀಗೆ ಕಟ್ಟಿಡುವ ಆಜ್ಞೆಗಳ ಸಾಲು. ಪ್ರತಿ ಹಿಂಬಾಲಕನಿಗೂ ಮೂರು ಸಾಕು. ಮೊದಲನೆಯದು ಮುಂದಾಳಿನ ಹೆಸರಿಟ್ಟ, ಅವನ ಹಿಂದೆ ನಡೆಸುವ ಫಾಲೋ ಆಜ್ಞೆ. ಎರಡನೆಯದರಲ್ಲಿ ಮೊದಲ ಸಾಲು ಮುಂದಾಳಿನ ಹೆಸರಿನ ಅಸಿಸ್ಟ್, ಎರಡನೆಯ ಸಾಲು ಹೊಡೆಯುವ ಮಂತ್ರ. ಅಸಿಸ್ಟ್ ಸಾಲು ಮುಂದಾಳು ಯಾರನ್ನು ಗುರಿ ಮಾಡಿದ್ದಾನೋ ಅವನನ್ನೇ ಹಿಂಬಾಲಕನಿಗೂ ಗುರಿಯಾಗಿಸುತ್ತದೆ, ಮೌಸ್ ಹಿಡಿದು ಹುಡುಕುವ ಕೆಲಸ ತಪ್ಪುತ್ತದೆ. ಮೂರನೆಯದು ಮುಂದಾಳನ್ನು ಗುರಿಯಾಗಿಸಿ ಹೀಲ್ ಮಾಡುವುದು (ಜೀವಬಲ ತುಂಬುವುದು). ಈ ಮೂರನ್ನೂ ಎಲ್ಲ ಕಿಟಕಿಗಳಲ್ಲೂ ಒಂದೇ ಕೀಗಳಲ್ಲಿಡಿ. ಯಾವ ಕಿಟಕಿಗೆ ಹೋದರೂ 1 ಎಂದರೆ ಹೊಡೆತ, 2 ಎಂದರೆ ಹೀಲ್, 3 ಎಂದರೆ ಫಾಲೋ ಎಂದಿದ್ದರೆ ಯೋಚಿಸುವುದಕ್ಕೇ ನಿಲ್ಲಬೇಕಾಗಿಲ್ಲ. ಒಂದು ಮ್ಯಾಕ್ರೋದಲ್ಲಿ 255 ಅಕ್ಷರಗಳಷ್ಟೇ ಹಿಡಿಯುತ್ತವೆ, ಆದ್ದರಿಂದ ಮುಂದಾಳಿಗೆ ಚಿಕ್ಕ ಹೆಸರಿಡಿ.

ಮ್ಯಾಕ್ರೋದಲ್ಲಿ ಕ್ಯಾಸ್ಟ್‌ಸೀಕ್ವೆನ್ಸ್ ಆಜ್ಞೆ ಬಳಸಿದರೆ ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತಿದಾಗ ಮಂತ್ರಗಳು ಒಂದಾದ ಮೇಲೊಂದು ಬರುತ್ತವೆ, ಪ್ರತಿ ಒತ್ತಿಗೆ ಒಂದರಂತೆ. ಅದರ ದೋಷವೊಂದನ್ನು ತಿಳಿದಿರಬೇಕು: ಸಾಲಿನಲ್ಲಿರುವ ಒಂದು ಮಂತ್ರ ಮಾನಾ (ಮಂತ್ರಕ್ಕೆ ಬೇಕಾದ ಶಕ್ತಿ) ಸಾಲದೆಯೋ ದೂರ ಹೆಚ್ಚಾಗಿಯೋ ವಿಫಲವಾದರೆ ಮ್ಯಾಕ್ರೋ ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತದೆ. ಗುರಿ ಬದಲಾದಾಗ ಮತ್ತು ಕೆಲವು ಸೆಕೆಂಡ್ ಕಳೆದಾಗ ಮೊದಲಿಗೆ ಮರಳುವಂತೆ ರೀಸೆಟ್ ಷರತ್ತನ್ನು ಸೇರಿಸಿಯೇ ಬರೆಯಿರಿ.

ಇನ್ನು ನಿಮ್ಮ ಬೆನ್ನಿನ ಸಮಸ್ಯೆ. ಫಾಲೋದಲ್ಲಿರುವ ಪಾತ್ರ ಯಾವಾಗಲೂ ಮುಂದಾಳಿನ ಕಡೆಗೇ ಮುಖ ಮಾಡಿರುತ್ತದೆ. ಮುಂದಾಳು ಶತ್ರುವನ್ನು ದಾಟಿ ಆಚೆ ಹೋದರೆ ಅಥವಾ ಶತ್ರು ಪಕ್ಕಕ್ಕೆ ಸರಿದರೆ ಹಿಂಬಾಲಕರ ಮುಂದೆ ಶತ್ರು ಇರುವುದಿಲ್ಲ, ಮಂತ್ರ ಹೊರಡುವುದಿಲ್ಲ. ಆದ್ದರಿಂದ ಶತ್ರುವಿನತ್ತ ನೀವು ಓಡಬೇಡಿ. ದೂರದಿಂದ ಕೆಣಕಿ, ನಿಂತಲ್ಲೇ ನಿಂತು, ಅದು ನಿಮ್ಮ ಹತ್ತಿರ ಬರುವಂತೆ ಮಾಡಿ. ಆಗ ಹಿಂಬಾಲಕರು, ಮುಂದಾಳು, ಶತ್ರು ಮೂವರೂ ಒಂದೇ ಗೆರೆಯಲ್ಲಿರುತ್ತಾರೆ. ಮುಂದಾಳನ್ನು ನೋಡುತ್ತಿರುವವರು ಶತ್ರುವನ್ನೂ ನೋಡುತ್ತಿರುತ್ತಾರೆ. ಮುಖ ತಪ್ಪಿದರೆ ಫಾಲೋ ಕೀಯನ್ನು ಇನ್ನೊಮ್ಮೆ ಒತ್ತಿದರೆ ತಿರುಗುತ್ತಾರೆ. ಹಿಂಬಾಲಕ ಮಂತ್ರ ಹೇಳುತ್ತಿರುವಾಗ ಮುಂದಾಳು ಒಂದೆರಡು ಹೆಜ್ಜೆ ಸರಿದರೂ ಅವನೂ ಸರಿಯುತ್ತಾನೆ, ಮಂತ್ರ ಅರ್ಧಕ್ಕೇ ಮುರಿಯುತ್ತದೆ. ಕಾಳಗದಲ್ಲಿ ಮುಂದಾಳು ಕದಲಬಾರದು ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಸಿಕ್ಕಿಬೀಳುವುದಕ್ಕೆ ಕಾರಣ, ಫಾಲೋ ದಾರಿ ಹುಡುಕುವುದಿಲ್ಲ, ನೇರ ಗೆರೆಯಲ್ಲಿ ನಡೆಸುತ್ತದೆ. ಬೇಲಿ ಹಾರಿದರೆ ಅವರು ಬೇಲಿಯಲ್ಲೇ ಉಳಿಯುತ್ತಾರೆ. ಮೂಲೆ ತಿರುಗುವಾಗ ಅಗಲವಾಗಿ ಬಳಸಿ ಹೋಗಿ, ಸೇತುವೆಯ ನಡುವೆ ನಡೆಯಿರಿ. ಡಂಜನ್ ಬಾಗಿಲಿನಂಥ ಲೋಡಿಂಗ್ ಪರದೆ ಬಂದ ಕೂಡಲೇ ಫಾಲೋ ಕಳಚುತ್ತದೆ. ಎಲ್ಲರನ್ನೂ ಒಳಗೆ ತಂದು ಮತ್ತೆ ಹಚ್ಚಬೇಕು. ಲಿಫ್ಟ್‌ಗಳಲ್ಲಂತೂ ಒಬ್ಬೊಬ್ಬರನ್ನೇ ಕೈಯಾರೆ ಹತ್ತಿಸುವುದೇ ಕ್ಷೇಮ.

ಪ್ರಶ್ನೆ: ಮೂವರಿಗೂ ಒಂದೇ ಕ್ವೆಸ್ಟ್‌ಗಳನ್ನು ತೆಗೆದುಕೊಂಡರೂ ಕೆಲವು ಮುಗಿಯುವುದೇ ಇಲ್ಲ. ಏನು ಮಾಡಲಿ?

ಉತ್ತರ: ಅವು ಸಾಮಾನು ಕೂಡಿಸುವ ಕ್ವೆಸ್ಟ್‌ಗಳೇ ಆಗಿರಬೇಕು. ಹತ್ತು ಶತ್ರುಗಳನ್ನು ಕೊಲ್ಲಿ ಎಂಬ ಕ್ವೆಸ್ಟ್‌ನಲ್ಲಿ, ಪಾತ್ರಗಳೆಲ್ಲ ಹತ್ತಿರದಲ್ಲಿದ್ದರೆ, ಹತ್ತು ಕೊಂದರೆ ಮೂವರಿಗೂ ಮುಗಿಯಿತು. ಹತ್ತು ಚರ್ಮ ತನ್ನಿ ಎಂಬುದಕ್ಕೆ ಮೂವರಿಗೂ ಸೇರಿ ಮೂವತ್ತು ಬೇಕು. ಹತ್ತರಲ್ಲಿ ನಾಲ್ಕು ಶತ್ರುಗಳ ಬಳಿ ಮಾತ್ರ ಚರ್ಮ ಸಿಗುತ್ತದೆ ಎಂದಿಟ್ಟುಕೊಂಡರೆ ಒಬ್ಬನಿಗೆ ಸರಾಸರಿ 25 ಬಲಿ, ಮೂವರಿಗೆ 75. ಅಷ್ಟು ಹೊತ್ತಿನಲ್ಲಿ ಬೇರೆ ಎರಡು ಮೂರು ಕ್ವೆಸ್ಟ್ ಮುಗಿಸಬಹುದು. ಕೊಲ್ಲುವ ಕ್ವೆಸ್ಟ್, ಒಬ್ಬ ನಾಯಕನ ತಲೆ ತರುವ ಕ್ವೆಸ್ಟ್, ಸುದ್ದಿ ಮುಟ್ಟಿಸುವ ಕ್ವೆಸ್ಟ್‌ಗಳನ್ನು ಆರಿಸಿಕೊಳ್ಳಿ. ಕೂಡಿಸುವಂಥವು ದಾರಿಯಲ್ಲೇ ಮುಗಿದರೆ ಸರಿ, ಇಲ್ಲವಾದರೆ ಬಿಟ್ಟುಬಿಡಿ. ಕೆಲವು ಸಾಮಾನುಗಳನ್ನು ಒಂದೇ ಹೆಣದಿಂದ ಪ್ರತಿಯೊಬ್ಬನೂ ತನ್ನ ಪಾಲಿಗೆ ತೆಗೆಯಬಹುದು. ಹಾಗಾಗಿ ಕ್ವೆಸ್ಟ್ ಶತ್ರುವನ್ನು ಕೊಂದ ಮೊದಲ ಸಲವೇ ಮೂರೂ ಕಿಟಕಿಗಳಲ್ಲಿ ಹೆಣವನ್ನು ತೆರೆದು ನೋಡಿ.

ಲೂಟ್ (ಹೆಣದ ಸಾಮಾನು ಹಂಚುವ) ವಿಧಾನವನ್ನು ಯಾರು ಬೇಕಾದರೂ ತೆಗೆಯಬಹುದಾದ ಫ್ರೀ ಫಾರ್ ಆಲ್‌ಗೆ ಬದಲಿಸಿ. ಗ್ರೂಪ್ ಲೂಟ್‌ನಲ್ಲೇ ಬಿಟ್ಟರೆ ಹೆಣಗಳು ಸರದಿಯ ಪ್ರಕಾರ ಒಬ್ಬೊಬ್ಬನ ಪಾಲಾಗಿ ಪ್ರತಿ ಸಲ ಕಿಟಕಿ ಬದಲಿಸಬೇಕಾಗುತ್ತದೆ. ಕ್ವೆಸ್ಟ್ ಲಾಗ್‌ನಲ್ಲಿ 20ಕ್ಕೆ ಮಾತ್ರ ಜಾಗವಿದೆ. ಒಬ್ಬನಲ್ಲಿ ಹಳೆಯವು ತುಂಬಿಕೊಂಡಿದ್ದರೆ ಹಂಚಿದ ಹೊಸ ಕ್ವೆಸ್ಟ್ ಅವನಿಗೆ ತಲುಪುವುದಿಲ್ಲ, ಅದು ಗೊತ್ತಾಗುವುದು ಎಲ್ಲರೂ ವಾಪಸ್ ಬಂದ ಮೇಲೆ.

ಪ್ರಶ್ನೆ: ನನ್ನ ಮುಂದಾಳು 30ನೇ ಲೆವೆಲ್, ಉಳಿದ ಇಬ್ಬರು 18. ಚಿಕ್ಕವರಿಗೆ ಎಕ್ಸ್‌ಪಿಯೇ ಬರುತ್ತಿಲ್ಲ.

ಉತ್ತರ: ಪಾರ್ಟಿಯ ಎಕ್ಸ್‌ಪಿಯನ್ನು ಅತಿ ಹೆಚ್ಚು ಲೆವೆಲ್ ಇರುವವನನ್ನು ನೋಡಿ ನಿರ್ಧರಿಸಲಾಗುತ್ತದೆ. 30ರವನಿಗೆ 22 ಮತ್ತು ಅದಕ್ಕೂ ಕೆಳಗಿನ ಶತ್ರುಗಳು ಬೂದು ಬಣ್ಣದವು, ಅಂದರೆ ಸೊನ್ನೆ. ಅವನು ಪಾರ್ಟಿಯಲ್ಲಿರುವವರೆಗೆ 18ರವರಿಗೂ ಸೊನ್ನೆಯೇ. ಇನ್ನೂ ದೊಡ್ಡ ಶತ್ರುಗಳ ಹತ್ತಿರ ಹೋದರೆ ಸ್ವಲ್ಪ ಬರುತ್ತದೆ, ಆದರೆ ಪಾಲು ಲೆವೆಲ್‌ಗೆ ತಕ್ಕಂತೆ ಹಂಚಿಹೋಗುತ್ತದೆ: ಒಟ್ಟು 66ರಲ್ಲಿ ಚಿಕ್ಕವನಿಗೆ 18 ಪಾಲು, ದೊಡ್ಡವನಿಗೆ 30. ದೊಡ್ಡವನನ್ನು ಪಾರ್ಟಿಯಿಂದ ತೆಗೆದು ಇಬ್ಬರನ್ನೇ ಬೆಳೆಸಿ, 27–28ಕ್ಕೆ ಬಂದ ಮೇಲೆ ಮತ್ತೆ ಸೇರಿಸಿ. ಮುಂದೆ ಒಬ್ಬನನ್ನು ಮಾತ್ರ ಬೇರೆಯಾಗಿ ಆಡುವ ಅಭ್ಯಾಸ ಬಿಡಿ.

ಪ್ರಶ್ನೆ: ಮೂರನೇ ಕಿಟಕಿ ತೆರೆದ ಕೂಡಲೇ ಕಂಪ್ಯೂಟರ್ ತೆವಳುತ್ತದೆ.

ಉತ್ತರ: ಮೊದಲು ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆ ಕಿಟಕಿಯ ಗರಿಷ್ಠ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮಿತಿಯನ್ನು 20 ಅಥವಾ 30ಕ್ಕೆ ಇಳಿಸಿ, ನೀವು ಆಡುತ್ತಿರುವ ಕಿಟಕಿಗೆ 60 ಇಡಿ. ಮಿತಿ ಇಲ್ಲದಿದ್ದರೆ ನೀವು ನೋಡದ ಕಿಟಕಿಗಳೂ ಗ್ರಾಫಿಕ್ಸ್ ಕಾರ್ಡ್‌ನ ಶಕ್ತಿಯನ್ನೆಲ್ಲ ಹೀರುತ್ತಿರುತ್ತವೆ. ಹಿಂಬಾಲಕರ ಕಿಟಕಿಗಳನ್ನು ಚಿಕ್ಕದಾಗಿ, ವಿಂಡೋ ಮೋಡ್‌ನಲ್ಲಿ ಇಡಿ. ನೆರಳು ಮತ್ತು ದೂರದ ನೋಟವನ್ನು ಕನಿಷ್ಠಕ್ಕೆ ತನ್ನಿ. ಆದರೂ ಸರಿಯಾಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಒಂದು ಕಿಟಕಿ ತಿನ್ನುವ ಮೆಮೊರಿ ನೋಡಿ ಮೂರರಿಂದ ಗುಣಿಸಿ. ಸಾಮಾನ್ಯ ಮೆಮೊರಿಗೆ ಜಾಗವಿದ್ದರೂ ಗ್ರಾಫಿಕ್ಸ್ ಮೆಮೊರಿ ತುಂಬಿರಬಹುದು. ಆಗ ಟೆಕ್ಸ್‌ಚರ್ ಗುಣಮಟ್ಟ ಇಳಿಸುವುದೇ ದಾರಿ.

ಪ್ರಶ್ನೆ: ನನ್ನ ಬಳಿ ಒಂದೇ ಅಕೌಂಟ್ ಇದೆ. ನಾಲ್ಕು ಪಾತ್ರಗಳನ್ನು ಸಮನಾಗಿ ಬೆಳೆಸಬಹುದೇ?

ಉತ್ತರ: ಖಂಡಿತ, ವಿಶ್ರಾಂತಿ ಎಕ್ಸ್‌ಪಿಯನ್ನು ಆಧರಿಸಿ ಸರದಿ ಹಾಕಿಕೊಳ್ಳಿ. ಪಾತ್ರವನ್ನು ಗೇಮ್‌ನ ಇನ್ (ತಂಗುದಾಣ) ಅಥವಾ ರಾಜಧಾನಿಯಲ್ಲಿ ನಿಲ್ಲಿಸಿ ಹೊರಬಂದರೆ ಪ್ರತಿ 8 ಗಂಟೆಗೆ ಒಂದು ಲೆವೆಲ್‌ನ 5 ಶೇಕಡಾ ಕೂಡುತ್ತದೆ, ದಿನಕ್ಕೆ 15. ಹತ್ತು ದಿನಕ್ಕೆ ಒಂದೂವರೆ ಲೆವೆಲ್ ಆಗಿ ಅಲ್ಲಿಗೆ ನಿಲ್ಲುತ್ತದೆ. ಕಾಡಿನ ನಡುವೆ ಹೊರಬಂದರೆ ಇದು ನಾಲ್ಕು ಪಟ್ಟು ನಿಧಾನ, ಆದ್ದರಿಂದ ಪ್ರತಿ ದಿನದ ಕೊನೆಯ ಐದು ನಿಮಿಷವನ್ನು ಊರಿಗೆ ಮರಳಲು ಮೀಸಲಿಡಿ. ಈ ವಿಶ್ರಾಂತಿ ಇರುವವರೆಗೆ ಕೊಂದ ಶತ್ರುವಿನ ಎಕ್ಸ್‌ಪಿ ದುಪ್ಪಟ್ಟು: 145 ಇದ್ದದ್ದು 290. ಕ್ವೆಸ್ಟ್ ಒಪ್ಪಿಸಿದಾಗ ಬರುವ ಎಕ್ಸ್‌ಪಿಗೆ ಇದು ಅನ್ವಯಿಸುವುದಿಲ್ಲ, ಅದರಿಂದ ಕರಗುವುದೂ ಇಲ್ಲ.

ನಾಲ್ಕು ಪಾತ್ರಗಳನ್ನು ದಿನಕ್ಕೊಂದರಂತೆ ಆಡಿದರೆ ಪ್ರತಿಯೊಂದೂ ಸರದಿಗೆ ಬರುವ ಹೊತ್ತಿಗೆ ಸುಮಾರು ಅರ್ಧ ಲೆವೆಲ್‌ನಷ್ಟು ವಿಶ್ರಾಂತಿ ಕೂಡಿರುತ್ತದೆ. ಅದನ್ನು ಡಂಜನ್‌ನಲ್ಲೋ ಶತ್ರು ದಟ್ಟವಾಗಿರುವ ಕಡೆಯೋ ಖರ್ಚು ಮಾಡಿ, ಮುಗಿದ ಕೂಡಲೇ ಪಾತ್ರ ಬದಲಿಸಿ.

ಪ್ರಶ್ನೆ: ಈವ್ ಆನ್‌ಲೈನ್‌ನಲ್ಲಿ ಒಂದೇ ಅಕೌಂಟ್‌ನ ಮೂರೂ ಪಾತ್ರಗಳಿಗೆ ಒಟ್ಟಿಗೆ ಸ್ಕಿಲ್ ಕಲಿಸಬಹುದೇ?

ಉತ್ತರ: ಅಲ್ಲಿ ಸ್ಕಿಲ್ ಏರುವುದು ಗಡಿಯಾರದಿಂದ, ನೀವು ಆಡುತ್ತಿರಲಿ ಬಿಡಲಿ. ಆದರೆ ಮೂರು ಪಾತ್ರಗಳಲ್ಲಿ ಒಂದು ಸಲಕ್ಕೆ ಒಬ್ಬನ ಸ್ಕಿಲ್ ಕಲಿಕೆಯ ಸಾಲು ಮಾತ್ರ ಓಡುತ್ತದೆ. ಎರಡನೆಯವನನ್ನೂ ಓಡಿಸಲು ಮಲ್ಟಿಪಲ್ ಕ್ಯಾರೆಕ್ಟರ್ ಟ್ರೇನಿಂಗ್ ಸರ್ಟಿಫಿಕೇಟ್ ಬೇಕು, ಮೂರನೆಯವನಿಗೆ ಇನ್ನೊಂದು. ಬೇರೆ ಬೇರೆ ಉಚಿತ ಆಲ್ಫಾ ಅಕೌಂಟ್‌ಗಳನ್ನು ಒಟ್ಟಿಗೆ ತೆರೆಯಲು ಬಿಡುವುದಿಲ್ಲ. ಬೇಗ ಏರಿಸಲು ಸ್ಕಿಲ್ ಇಂಜೆಕ್ಟರ್ (ಸ್ಕಿಲ್ ಪಾಯಿಂಟ್‌ಗಳನ್ನು ಒಮ್ಮೆಲೇ ಕೊಡುವ ವಸ್ತು) ಕೊಳ್ಳುವುದಾದರೆ ಹೊಸ ಪಾತ್ರಕ್ಕೇ ಕೊಡಿ: 50 ಲಕ್ಷ ಸ್ಕಿಲ್ ಪಾಯಿಂಟ್‌ಗಿಂತ ಕೆಳಗಿರುವವನಿಗೆ ಒಂದು ಇಂಜೆಕ್ಟರ್‌ನಿಂದ 5 ಲಕ್ಷ ಸಿಗುತ್ತದೆ, 5 ಕೋಟಿಯವರೆಗೆ 4 ಲಕ್ಷ, 8 ಕೋಟಿಯವರೆಗೆ 3 ಲಕ್ಷ, ಅದನ್ನೂ ದಾಟಿದವನಿಗೆ ಒಂದೂವರೆ ಲಕ್ಷ ಮಾತ್ರ.